ಡಿಕ್ಷನರಿ ಅಕ್ಕನ ಬಲಗೈ

ಮಾಂಸ ಕತ್ತರಿಸುವ ಕಾರ್ಖಾನೆಯಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ಡಿಕ್ಷನರಿ ಅಕ್ಕ. ಮಚ್ಚು ಎತ್ತುವಾಗ ಒಂದು ಇಂಗ್ಲಿಷ್ ಪದ, ಇಳಿಸುವಾಗ ಅದರ ಜಾತಿ. 'ಬೋನ್' ಎಂದು ಎತ್ತುವಳು, 'ನಾಮಪದ' ಎಂದು ಇಳಿಸುವಳು. 'ಶಾರ್ಪ್', 'ಗುಣವಾಚಕ'. "ಕುರಿಗೆ ಸತ್ತ ಮೇಲೂ ಪಾಠ ತಪ್ಪಲಿಲ್ಲ ನೋಡು," ಎಂದು ಪಕ್ಕದವಳು ನಗುತ್ತಿದ್ದಳು.

ಅವಳನ್ನು ಕಾಡಿದ್ದು ಇಂಗ್ಲಿಷಿನ ನುಡಿಗಟ್ಟು. ಕೀಲು ಕೀಲು ಬಿಡಿಸುವುದೇ ಅವಳ ಕಸುಬು. ಸಂಜೆ ಇಂಗ್ಲಿಷ್ ಹೇಳಿಕೊಡುವ ಮೇಷ್ಟ್ರು ನೋಡಿದರೆ ಬಿಡಿಸಬೇಡ ಎನ್ನುತ್ತಿದ್ದರು. "ಇಡಿಯಾಗಿ ತಗೋಮ್ಮ. ನಮ್ಮಲ್ಲಿ 'ತಲೆ ತಿಂದ' ಅಂದ್ರೆ ಯಾರೂ ತಲೆ ಬೇಯಿಸ್ಕೊಂಡು ತಿಂದಿರಲ್ಲ."

ಇಂಗ್ಲಿಷ್ ಪರೀಕ್ಷೆ ಪಾಸಾದರೆ ಮಾಂಸ ತಪಾಸಣೆಯ ಕೆಲಸ, ಜೊತೆಗೆ ಇರಲು ಒಂದು ಕೋಣೆ. ಅಂದರೆ ಗಂಡನ ಏಟಿಗೆ ಸಿಗದ ಒಂದು ಬಾಗಿಲು. ಅದೇ ಕಾರ್ಖಾನೆಯ ಮೇಸ್ತ್ರಿ ಅವನು. ಅವಳ ಎಡಗಿವಿ ಕೆಟ್ಟದ್ದು ಅವನ ಕೈಯಿಂದ, ಹೊಟ್ಟೆಯಲ್ಲಿದ್ದದ್ದು ಹೋದದ್ದು ಅವನ ಕಾಲಿನಿಂದ. ಅಂಥವನನ್ನು ಗಂಡ ಎನ್ನಲು ನಾಲಿಗೆ ಏಳುವುದಿಲ್ಲ.

ಅವಳು ಬರೆದು ಬರೆದು ಕಲಿಯುವುದನ್ನು ಅವನು ಕಂಡಿದ್ದ. ಪರೀಕ್ಷೆ ಎಂದರೆ ಪೆನ್ನು, ಪೆನ್ನು ಎಂದರೆ ಬಲಗೈ. ಅವರ ಕಸುಬಿನಲ್ಲಿ ಕೈ ಹೋದರೆ ಕಥೆ ಮುಗಿದ ಹಾಗೆ. ಪರೀಕ್ಷೆಯ ಬೆಳಿಗ್ಗೆ ಅವಳನ್ನು ಹೊಸ್ತಿಲಲ್ಲೇ ಹಿಡಿದು ಒಳಗೆಳೆದ. ಬಲಗೈಯನ್ನು ಅಡುಗೆ ಕಟ್ಟೆಗೆ ಒತ್ತಿ, ಮಚ್ಚಿನ ಹಿಂಬದಿಯಿಂದ ಬೆರಳುಗಳೆಲ್ಲ ಮುರಿಯುವವರೆಗೆ ಹೊಡೆದ. ಮೂಳೆ ಮುರಿಯುವ ಸದ್ದು ಅವಳಿಗೆ ಹೊಸದಲ್ಲ. ತನ್ನ ಮೂಳೆ ಎನ್ನುವುದಷ್ಟೇ ಹೊಸದು.

"ಈಗ ಹೋಗಿ ಬರಿ," ಎಂದು ಕೆಲಸಕ್ಕೆ ಹೊರಟ.

ಅವಳು ಕೈಗೆ ಹಳೇ ಸೀರೆ ಸುತ್ತಿಕೊಂಡು ಪರೀಕ್ಷೆಗೆ ಹೋದಳು. ಮೇಜಿನಾಚೆ ಒಬ್ಬ ಅಧಿಕಾರಿ, ಒಬ್ಬ ಅಧಿಕಾರಿಣಿ.

"ಬೈಟ್ ದ ಬುಲೆಟ್ ಅಂದ್ರೆ ಏನು?"

"ಹಲ್ಲು ಕಚ್ಚಿ ತಡ್ಕೊಳ್ಳೋದು, ಸಾರ್."

ಬಟ್ಟೆ ತೊಯ್ದು ನೆಲಕ್ಕೆ ರಕ್ತ ತೊಟ್ಟಿಕ್ಕಿತು. ಅಧಿಕಾರಿಣಿ ಎದ್ದು ನಿಂತರು. "ಕೈಗೇನಾಯ್ತಮ್ಮ?"

"ಆಮೇಲೆ ಹೇಳ್ತೀನಿ ಮೇಡಂ. ಮೊದಲು ಪ್ರಶ್ನೆ ಮುಗಿಸಿ."

ಸಂಜೆ ಅವಳು ಕಾರ್ಖಾನೆಗೆ ಬಂದಾಗ ಬಲಗೈಗೆ ಪ್ಲಾಸ್ಟರ್ ಬಿದ್ದಿತ್ತು, ಎಡಗೈಯಲ್ಲಿ ಕೋಣೆಯ ಬೀಗದ ಕೈ ಇತ್ತು. ಮಚ್ಚುಗಳೆಲ್ಲ ನಿಂತವು.

ಮೇಸ್ತ್ರಿ ನಕ್ಕ. "ಏನು ಬರೆದೆ, ಡಿಕ್ಷನರಿ?"

"ಬರೆಯೋದೇನೂ ಇರ್ಲಿಲ್ಲ ರೀ. ಎಲ್ಲ ಬಾಯಲ್ಲೇ ಕೇಳಿದ್ರು." ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದು, ಹಿಂದಿದ್ದ ಇಬ್ಬರು ಪೊಲೀಸರಿಗೆ ದಾರಿ ಬಿಟ್ಟಳು. "ಕೈಗೇನಾಯ್ತು ಅಂತ್ಲೂ ಕೇಳಿದ್ರು. ಅದನ್ನೂ ಹೇಳ್ದೆ."