ಕರಟ ಒಡೆದ ಮಾರನೇ ದಿನ

ಇಲ್ಲ… ನಂಬಲು ಆಗುತ್ತಿಲ್ಲ…
ಕುಪ್ಪಮ್ಮಜ್ಜಿ ಹೋದಳಂತೆ.

ಬೆಳಿಗ್ಗೆ ತುರುವೇಕೆರೆಯಿಂದ ಅವಳ ಮೊಮ್ಮಗಳು ಸರಸು ಫೋನ್ ಮಾಡಿದಳು.
"ಯಾವ ಕುಪ್ಪಮ್ಮ?" ಎಂದೆ. ಗೊತ್ತಿದ್ದೂ ಕೇಳಿದೆ.

ನೂರರ ಹತ್ತಿರದ ಜೀವ. ಆದರೂ ಆಕೆ ಸಾಯುತ್ತಾಳೆ ಎಂದು ನಾನು ಅಂದುಕೊಂಡಿರಲಿಲ್ಲ…
ಅವಳಿಗೆ ಹೇಳಬೇಕಾದ ಒಂದು ಮಾತು ನನ್ನಲ್ಲಿ ಉಳಿದಿತ್ತು. ಹೇಳುವ ತನಕ ಇರುತ್ತಾಳೆ ಬಿಡು, ಎಂಬ ಸೊಕ್ಕು.

ಆಗಲೇ ಗ್ರೂಪುಗಳಲ್ಲಿ ನನ್ನ ಹಳೇ ಭಾಷಣದ ವಿಡಿಯೋ ಓಡಾಡುತ್ತಿದೆ.
"ಕುಪ್ಪಮ್ಮನ ಕರಟ ಒಡೆದ ನಮ್ಮಣ್ಣ" ಎಂದು ಬರೆದು ಹಾಕುತ್ತಿದ್ದೀರಿ.
ಗೆಳೆಯರೇ, ದಯವಿಟ್ಟು ಶೇರ್ ಮಾಡಬೇಡಿ.
ನಲವತ್ತು ವರ್ಷದಿಂದ ಆ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ ಚಪ್ಪಾಳೆ ಹೊಡೆಸಿಕೊಂಡಿದ್ದೇನೆ…

ತಮಿಳುನಾಡಿನ ಧರ್ಮಪುರಿ ಕಡೆಯ ಬೆಂಗಾಡಿನಿಂದ ಗಂಡನ ಜೊತೆ ಕಾಯಿ ಕೆಲಸ ಹುಡುಕಿಕೊಂಡು ಬಂದವಳು.
ನೊಣವಿನಕೆರೆ ಹತ್ತಿರದ ನಮ್ಮೂರಲ್ಲಿ ನಿಂತಳು.
ಎರಡು ವರ್ಷಕ್ಕೆ ಗಂಡ ಹೇಳದೆ ಕೇಳದೆ ವಾಪಸ್ ಹೋದ. ಇವಳು ಹೋಗಲಿಲ್ಲ. ಒಬ್ಬಳೇ ಮಗಳನ್ನು ಸಾಕಿದಳು.
ನಿಮ್ಮೂರಿಗೆ ಹೋಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ,
"ಯಾಕ್ ಸಾಮಿ, ಓಡಿಹೋದೋನು ಒಬ್ಬ ಅಲ್ಲೇ ಅವ್ನಲ್ಲ, ಸಾಲ್ದಾ?" ಎನ್ನುತ್ತಿದ್ದಳು.

ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿ ಕೆಳಗಿಳಿದರೆ ಕುಪ್ಪಮ್ಮ ಬರಬೇಕು.
ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಹೇಳುವಳು.
ಅವಳ ಮಚ್ಚಿನ ಏಟಿಗೆ ಕರಟ ಚೂರಾಗಿ ಉದುರುತ್ತಿತ್ತು. ಒಳಗಿನ ಉಂಡೆಗೆ ಒಂದು ಗೀರೂ ಬೀಳುತ್ತಿರಲಿಲ್ಲ.
ಆ ಕೈ ಮುಟ್ಟಿದ ಕೊಬ್ಬರಿ ತಿಪಟೂರಿನ ಮಂಡಿಗೆ ಹೋಗುತ್ತಿತ್ತು. ಅಲ್ಲಿಂದ ಯಾವ್ಯಾವ ದೇವರ ಮುಂದೆಯೋ…
ಆ ಕೈಗೆ ನಮ್ಮ ಮನೆಯ ಲೋಟ ಮಾತ್ರ ಇಲ್ಲ.

"ಯಾವ ಜಾತಿಯೋ ಏನೋ, ಅರವದೋಳು." ಇಷ್ಟೇ ಕಾರಣ.
ಜಾತಿ ಗೊತ್ತಿದ್ದವರಿಗೆ ನಮ್ಮೂರಲ್ಲಿ ಒಂದೊಂದು ಅಳತೆ ಇತ್ತು. ಗೊತ್ತಿಲ್ಲದೆ ಬಂದವರಿಗೆ ನೀರು ಕುಡಿಯಲು ನೇರವಾಗಿ ಕರಟ.

ಅದನ್ನೂ ಅವಳೇ ಮಾಡಿಕೊಂಡಿದ್ದಳು.
ಕಣ್ಣಿರುವ ಹೋಳು ಸೋರುತ್ತದೆ ಎಂದು ಕಣ್ಣಿಲ್ಲದ ಹೋಳು ಆರಿಸಿ, ಮರಳಲ್ಲಿ ಉಜ್ಜಿ ನುಣುಪು ಮಾಡಿ, ನಮ್ಮ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದ್ದಳು.

ಎಂಬತ್ತರ ದಶಕದ ಶುರು. ನಾನು ಕಾಲೇಜು ಹುಡುಗ. ಹೆಗಲಲ್ಲಿ ಜೋಳಿಗೆ, ಬಾಯಲ್ಲಿ ಬೆಂಕಿ.
ಅವಳನ್ನು ಒಂದು ಮಾತು ಕೇಳದೆ ಆ ಕರಟವನ್ನು ತಿಪಟೂರಿನ ಜಾತಿ ವಿರೋಧಿ ಸಭೆಗೆ ಒಯ್ದೆ.
ಮೈಕಿನ ಮುಂದೆ ಎತ್ತಿ ಹಿಡಿದು, ಇದು ನಮ್ಮ ಮನೆಯದೇ ಪಾಪ ಎಂದು ಕೂಗಿ, ಕಲ್ಲಿಗೆ ಅಪ್ಪಳಿಸಿದೆ.
ಶಿಳ್ಳೆ… ಘೋಷಣೆ… ನನ್ನನ್ನು ಹೊತ್ತು ಕುಣಿದರು…

ಇಷ್ಟು ನಿಮಗೆ ಗೊತ್ತು.
ಮಾರನೇ ದಿನದ್ದು ಗೊತ್ತಿಲ್ಲ.

ಅಜ್ಜೀ…
ಮಧ್ಯಾಹ್ನ ಮಚ್ಚು ಕೆಳಗಿಟ್ಟು ಬಂದು ಸೂರಿಗೆ ಕೈ ಹಾಕಿದೆ ನೀನು. ತಡಕಿದೆ. ಕೆಳಗೆ ಬಿದ್ದಿರಬಹುದೆಂದು ಹುಲ್ಲಿನಲ್ಲೂ ನೋಡಿದೆ.
ನಾನು ಎದೆಯುಬ್ಬಿಸಿ ನಿಂತಿದ್ದೆ.
"ಒಡ್ದಾಕ್ದೆ ಕಣಜ್ಜಿ. ತಿಪಟೂರಲ್ಲಿ, ಅಷ್ಟು ಜನದ ಮುಂದೆ."
"ಒಳ್ಳೇದಾಯ್ತು ಸಾಮಿ" ಎಂದೆ ನೀನು. ನಕ್ಕೆ ಕೂಡ.
ಆಮೇಲೆ ಕೇಳಿದೆ… "ಈಗ ನೀರು ಯಾತ್ರಲ್ ಕುಡೀಲಿ?"

ಅಡುಗೆಮನೆಯ ಹಲಗೆಯ ಮೇಲೆ ಸಾಲು ಲೋಟಗಳಿದ್ದವು. ಹತ್ತು ಹೆಜ್ಜೆ.
ಜಗಲಿಯ ಮೇಲೆ ಅಪ್ಪ ಮಂಡಿಯವರ ಜೊತೆ ಕೂತಿದ್ದ.
ನಾನು ನಿಂತಲ್ಲೇ ನಿಂತೆ…
ಊರ ಮುಂದೆ ಗುಡುಗಿದವನಿಗೆ ಅಪ್ಪನ ಮುಂದೆ ಒಂದು ಲೋಟ ತರಲು ಆಗಲಿಲ್ಲ.

ಅಮ್ಮ ಚೊಂಬು ತಂದಳು. ಬೊಗಸೆ ಹಿಡಿ ಎಂದು ಮೇಲಿಂದ ಹುಯ್ದಳು.
ನೀನು ಬಗ್ಗಿದೆ. ಅಷ್ಟು ದಿನ ತೆಂಗಿನ ಬುಡಕ್ಕೆ ಒರಗಿ, ಕೂತು ಕುಡಿಯುತ್ತಿದ್ದವಳು…
ಅರ್ಧ ನೀರು ಬೆರಳ ಸಂದಿಯಲ್ಲಿ ಸೋರಿ ಸೀರೆಗಾಯಿತು.

ಅಮ್ಮನಿಗೂ ಪಾಪ ಅನ್ನಿಸಿರಬೇಕು. ಇನ್ನೊಂದು ಕರಟ ಉಜ್ಜಿಟ್ಟುಕೋ, ಮನೆ ತುಂಬ ಬಿದ್ದಿವೆಯಲ್ಲ ಎಂದಳು.
ಆಗ ನೀನು ಹೇಳಿದ್ದು…
"ಬ್ಯಾಡ ಬುಡಮ್ಮ. ನಿಮ್ಮ ಮಗ ಜನದ ಮುಂದೆ ಒಡ್ದವ್ರೆ. ನಾನ್ ಮತ್ತೆ ಇಟ್ಕಂಡ್ರೆ ಅವ್ರ ಮಾತು ಸುಳ್ಳಾಯ್ತದೆ."

ನನ್ನ ಮಾತು ಉಳಿಸಲು ನೀನು, ನಮ್ಮ ಮನೆಗೆ ಬಂದಷ್ಟು ವರ್ಷವೂ ಬಗ್ಗಿ ಬೊಗಸೆಯಲ್ಲೇ ಕುಡಿದೆ.
ನಾನು ಮೈಸೂರಿಗೆ ಹೋದೆ. ಪುಸ್ತಕ ಬರೆದೆ. ಶಾಲು ಹೊದೆಸಿಕೊಂಡೆ.
ರಜೆಗೆ ಬಂದಾಗ ನೀನು ಬಗ್ಗುವ ಹೊತ್ತಿಗೆ ಸರಿಯಾಗಿ ತೋಟದ ಕಡೆ ಹೊರಟುಬಿಡುತ್ತಿದ್ದೆ.

ಎಷ್ಟೋ ವರ್ಷ ಕಳೆದು, ನೀವು ತುರುವೇಕೆರೆ ಸೇರಿದ ಮೇಲೆ, ನಾನು ನಿಮ್ಮ ಮನೆಗೆ ಬಂದೆ. ನೀನು ಕಾಫಿ ಕೊಟ್ಟೆ. ಸ್ಟಿಕ್ಕರ್ ಕೂಡ ಕೀಳದ ಹೊಸ ಸ್ಟೀಲ್ ಲೋಟ.
ಬಿಸಿ ಐತೆ, ನಿಧಾನ, ಎಂದೆ.
ಕುಡಿದೆ. ತಪ್ಪಾಯ್ತು ಅನ್ನದೆ ಎದ್ದು ಬಂದೆ ನಾನು…
ನಾಚಿಕೆಗೆಟ್ಟವನು ನಾನು.

ಗೆಳೆಯರೇ, ಸರಸು ಬೆಳಿಗ್ಗೆ ಹೇಳಿದ್ದು ಇದು:
"ಸಾರ್, ಮಣ್ಣಿಗೆ ಮುಂಚೆ ನೀವೇ ನಾಲ್ಕು ಮಾತಾಡ್ಬೇಕು. ಕರಟ ಒಡ್ದಿದ್ದು ಹೇಳಿ. ಅಜ್ಜಿ ಎಲ್ರಿಗೂ ಅದುನ್ನೇ ಹೇಳ್ಕಂಡ್ ಬರೋಳು."

ಅಜ್ಜಿಯೂ ಅರ್ಧವನ್ನೇ ಹೇಳಿದ್ದಾಳೆ…
ಅವಳು ನನ್ನ ಮಾನ ಉಳಿಸಲು. ನಾನೂ ನನ್ನ ಮಾನ ಉಳಿಸಿಕೊಳ್ಳಲು.

ಈಗ ಬಸ್ಸಿನಲ್ಲಿದ್ದೇನೆ. ಮನೆಯಿಂದ ಒಂದು ಲೋಟ ಒಯ್ದು ಅವಳ ಪಕ್ಕ ಇಡೋಣ ಅನ್ನಿಸಿತ್ತು. ಅದೂ ಇನ್ನೊಂದು ಸ್ಟೇಜು, ಇನ್ನೊಂದು ಚಪ್ಪಾಳೆ. ಬಿಟ್ಟು ಬಂದೆ.
ಬರೀ ಕೈಯಲ್ಲಿ ಹೋಗಿ, ಸರಸುವಿನ ಮುಂದೆ ಮಾರನೇ ದಿನದ ಕಥೆಯನ್ನೂ ಹೇಳುತ್ತೇನೆ. ಕೇಳಿದ ಮೇಲೆ ನನ್ನ ಕೈಯಿಂದ ಹಿಡಿ ಮಣ್ಣು ಹಾಕಿಸಬೇಕೋ ಬೇಡವೋ, ಅವಳಿಗೆ ಬಿಟ್ಟದ್ದು.

ಹೋಗಿ ಬಾ ಅಜ್ಜೀ…
ನೀನು ಹೋದ ಕಡೆ ಯಾರೂ ಮೇಲಿಂದ ನೀರು ಹುಯ್ಯದಿರಲಿ.
ನೆರಳಲ್ಲಿ ಒರಗಿ… ಕೂತು ಕುಡಿ.