ನಾಲ್ಕು ಕೂಡ ಅಕ್ಷರವೇ: ಗಿನ್ಕಕ್ಕನ ನೆಲಮಾಳಿಗೆಯ ಅಂಚೆ

ನಮ್ಮೂರು ಕಾಮೆನ್‌ದೊಲ್‌ನಲ್ಲಿ ಆಡುಗಳಿಗೂ ಇ-ಮೇಲ್ ವಿಳಾಸವಿದೆ. ನಗಬೇಡಿ. ಬಲ್ಗೇರಿಯಾದ ಈ ದಕ್ಷಿಣದ ಬೆಟ್ಟಗಳಲ್ಲಿ ಮೇಯುವ ಒಂದೊಂದು ಆಡಿಗೂ ಪತ್ರ ಬರುತ್ತದೆ, ಕೆಲವು ಉತ್ತರವನ್ನೂ ಬರೆಯುತ್ತವೆ, ಒಂದು ಹೋತವಂತೂ ವಿಯೆನ್ನಾದ ಮಂತ್ರಿಯೊಬ್ಬರ ಜತೆ ವರ್ಷಗಟ್ಟಲೆ ಪತ್ರವ್ಯವಹಾರ ಇಟ್ಟುಕೊಂಡಿತ್ತು. ಈ ಏರ್ಪಾಡೆಲ್ಲ ಹೊಳೆದದ್ದು ನನ್ನ ತಲೆಗೆ. ನಾನು ಮೆತೊದಿ, ಹತ್ತು ಕೋಣೆಗಳ ಅತಿಥಿಗೃಹದ ಯಜಮಾನ, ಈ ಪುರವಣಿಯನ್ನು ಒಂಟಿ ಹೆಗಲ ಮೇಲೆ ಹೊತ್ತು ನಡೆಸುತ್ತಿರುವ ಲೇಖಕ. ಈ ವಾರ ನಿಮ್ಮ ಬಗ್ಗೆಯೇ ಬರೆದುಕೊಳ್ಳಬೇಡಿ ಎಂದು ಸಂಪಾದಕರು ಕೈಮುಗಿದಿದ್ದಾರೆ. ಹಾಗಾಗಿ ನನ್ನ ಆ ಮಹಾಕಾರ್ಯಕ್ಕೆ ಒಂದಿಷ್ಟು ಕೈಜೋಡಿಸಿದ ಹೆಂಗಸೊಬ್ಬರ ಬಗ್ಗೆ ಬರೆಯುತ್ತೇನೆ.

ಬೆಳಕು ಇನ್ನೂ ಬೆಟ್ಟದ ಆಚೆಗಿದೆ. ಗಿನ್ಕಾ ದೆರೆವಾ ಹೆಗಲಿಗೆ ಉಣ್ಣೆ ಶಾಲು ಎಳೆದುಕೊಂಡು ತಮ್ಮ ಮನೆಯ ನೆಲಮಾಳಿಗೆಗೆ ಇಳಿಯುತ್ತಾರೆ. ಒಂದು ಕಡೆ ಎಲೆಕೋಸು ಉಪ್ಪುನೀರಲ್ಲಿ ಹಾಕಿಟ್ಟ ಪೀಪಾಯಿ, ಇನ್ನೊಂದು ಕಡೆ ಸುಟ್ಟು ಸಿಪ್ಪೆ ತೆಗೆದ ಕೆಂಪು ಮೆಣಸಿನಕಾಯಿಯ ಜಾಡಿಗಳ ಸಾಲು. ನಡುವೆ ಹಲಗೆಯ ಮೇಲೆ ಗುಂಯ್‌ಗುಡುತ್ತ ಕೂತಿದೆ ಒಂದು ಬೂದು ಕಂಪ್ಯೂಟರ್ ಪೆಟ್ಟಿಗೆ. ಊರಿನ ಅಂಗಡಿಯವರ, ಕಸುಬಿನವರ ಇ-ಮೇಲ್‌ಗಳೆಲ್ಲ ಇಷ್ಟು ವರ್ಷ ಬಂದು ಕೂತದ್ದು ಈ ಪೆಟ್ಟಿಗೆಯಲ್ಲೇ, ಹೊರಟು ಹೋದದ್ದು ಇದರಿಂದಲೇ. ಮಗುವಿಗೆ ಜ್ವರ ನೋಡುವಂತೆ ಗಿನ್ಕಕ್ಕ ಅದರ ನೆತ್ತಿಗೆ ಅಂಗೈ ಇಡುತ್ತಾರೆ. ನೆತ್ತಿಯ ಮೇಲೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಗಳಿವೆ.

"ಹೆಪ್ಪಾಗಿದೆ," ಎನ್ನುತ್ತಾರೆ, ಒಂದರ ಬಟ್ಟೆ ಸರಿಸಿ. "ಇದರ ಬಿಸಿ ಮೊಸರಿಗೆ ಹೇಳಿ ಮಾಡಿಸಿದ್ದು. ನಮ್ಮ ಬೀದಿಯಲ್ಲಿ ಯಾರಿಗೆ ಮೇಲ್ ಬರುತ್ತೋ ಬಿಡುತ್ತೋ, ಮೊಸರಂತೂ ಎಲ್ಲರಿಗೂ ಇಲ್ಲಿಂದಲೇ."

ಇಂದು ಆ ಪೆಟ್ಟಿಗೆಯ ಕೊನೆಯ ಬೆಳಗು. ಪತ್ರಗಳೆಲ್ಲ ಆಗಲೇ ಬೇರೆ ಮನೆಗೆ ಹೋಗಿವೆ. ಆ ಮನೆಯನ್ನು ಹುಡುಕಿದ ಕತೆಯನ್ನೇ ನಾನು ಹೇಳಹೊರಟಿರುವುದು.

ಗಿನ್ಕಕ್ಕ ಮೊದಲು ಊರ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂರುತ್ತಿದ್ದರು. ಕಚೇರಿಗೆ ಬೀಗ ಬಿದ್ದಾಗ ಅಳುತ್ತ ಕೂರಲಿಲ್ಲ. ಆಗಷ್ಟೇ ಟೆಲಿಫೋನ್ ತಂತಿಯ ಮೇಲೆ ಇಂಟರ್ನೆಟ್ ಬಂದಿತ್ತು. ಊರಿನ ಹೆಸರಲ್ಲೇ ಒಂದು ಡೊಮೇನ್, ಅಂದರೆ ಇ-ಮೇಲ್ ವಿಳಾಸದ ಬಾಲಕ್ಕೆ ಬರುವ ಹೆಸರು, ಕೊಂಡುಕೊಂಡರು. "ಬೇರೆ ಯಾರಾದ್ರೂ ಕೊಂಡ್ಕೊಂಡು ನಮ್ಮೂರ ಹೆಸರಲ್ಲಿ ಸಾಬೂನು ಮಾರಿದ್ರೆ?" ಎಂದು ಅವರ ಭಯ. ಚೀಸ್ ಮಾಡುವ ಗಿಣ್ಣಿನವನಿಗೆ, ಚಪ್ಪಲಿ ಹೊಲಿಯುವವಳಿಗೆ, ಪಾದ್ರಿಗೆ ಒಂದೊಂದು ಅಂಚೆಪೆಟ್ಟಿಗೆ ಮಾಡಿಕೊಟ್ಟರು. ಆ ದಿನಗಳನ್ನು ನೆನೆದರೆ ಈಗಲೂ ನನ್ನ ಕಣ್ಣಲ್ಲಿ ಎರಡು ಬಕೆಟ್ ನೀರು ಬರುತ್ತದೆ. ಗಿಣ್ಣು ತುಂಬಿದ ಬಿಸಿ ರೊಟ್ಟಿಯ ತಟ್ಟೆ ಹಿಡಿದು ಜನ ಈ ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಿದ್ದರು. ಮೋಡೆಮ್ ಕುದುರೆಮರಿಯ ಹಾಗೆ ಕೆನೆಯುತ್ತಿತ್ತು. ಗಿನ್ಕಕ್ಕ ಪತ್ರ ಗಟ್ಟಿಯಾಗಿ ಓದುತ್ತಿದ್ದರು. ಅದೇ ತಂತಿ ಹಂಚಿಕೊಂಡಿದ್ದ ಪಕ್ಕದ ಮನೆಯವರು ಫೋನ್ ಎತ್ತಿದರೆ ಪತ್ರ ಅರ್ಧಕ್ಕೇ ಕಡಿದುಬೀಳುತ್ತಿತ್ತು. ಉಳಿದರ್ಧವನ್ನು ನಾನು ಹೇಳಿಬಿಡುತ್ತಿದ್ದೆ. ಅಸಲಿಗಿಂತ ಚೆನ್ನಾಗಿರುತ್ತಿತ್ತು.

ಆಗಿನ ಕೀಲಿಮಣೆಗಳಲ್ಲಿ, ಫೋನ್‌ಗಳಲ್ಲಿ ನಮ್ಮ ಲಿಪಿ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ನಮ್ಮ ಮಾತು ಬರೆಯಬೇಕು, ಆದರೆ ಅಲ್ಲಿ ಚ, ಶ ಒಂದೇ ಅಕ್ಷರದಲ್ಲಿ ಸಿಗುವುದಿಲ್ಲ. ನಾವು ಅಂಕಿಗಳನ್ನು ಕೆಲಸಕ್ಕೆ ಹಚ್ಚಿದೆವು. ನಮ್ಮಲ್ಲಿ ನಾಲ್ಕಕ್ಕೆ 'ಚೆತಿರಿ' ಎನ್ನುತ್ತಾರೆ, ಹಾಗಾಗಿ 4 ಎಂದರೆ ಚ. ಆರು 'ಶೆಸ್ತ್', ಹಾಗಾಗಿ 6 ಎಂದರೆ ಶ. ಇಡೀ ದೇಶ ಪ್ರೀತಿ, ಜಗಳ, ಸಾವಿನ ಸುದ್ದಿ ಎಲ್ಲವನ್ನೂ ಹಾಗೆಯೇ ಬರೆಯಿತು. ಈಗಿನ ಮಕ್ಕಳಿಗೆ ಫೋನಿನಲ್ಲೇ ನಮ್ಮ ಲಿಪಿ ಇದೆ. ನಮ್ಮ ಹಳೆಯ ಪತ್ರ ತೋರಿಸಿದರೆ, ಇದೇನು ಲೆಕ್ಕದ ಪುಸ್ತಕವಾ ಎಂದು ಕೇಳುತ್ತವೆ.

ಆ ಕಾಲದಲ್ಲೇ ವೆಲಿಚ್ಕೊನಿಗೆ ವಿಳಾಸ ಸಿಕ್ಕಿದ್ದು. ವೆಲಿಚ್ಕೊ ನಮ್ಮೂರಿನ ಗಂಟೆ ಮಾಡುವವನು, ಆಡು ಕುರಿ ಹಸುಗಳ ಕೊರಳಿಗೆ ಕಟ್ಟುವ ಬಡಿದು ಮಾಡಿದ ಗಂಟೆ. ಅದಕ್ಕೆ ನಾವು 'ಚಾನ್' ಎನ್ನುತ್ತೇವೆ. ಆದ್ದರಿಂದ ಅವನ ವಿಳಾಸ 4an, ಆಮೇಲೆ ಬಾಲ ಸುತ್ತಿಕೊಂಡು ಕೂತ 'ಮಂಗನ ಅ', ಆಮೇಲೆ ಊರಿನ ಹೆಸರು. @ ಎಂಬ ಆ ಸುರುಳಿ ಚಿಹ್ನೆಯನ್ನು ಇಡೀ ಬಲ್ಗೇರಿಯಾ ಮಂಗನ ಅ ಅಂತಲೇ ಕರೆಯುತ್ತದೆ. ವೆಲಿಚ್ಕೊ ಉಕ್ಕಿನ ಅಚ್ಚು ಮಾಡಿಕೊಂಡು, ಪ್ರತಿ ಗಂಟೆಯ ಬಾಯಿಯ ಒಳ ಅಂಚಿಗೆ ಇಡೀ ವಿಳಾಸವನ್ನು ಸುತ್ತಿಗೆಯಿಂದ ಹೊಡೆದ. ಅವನ ಮಂಗ ಸ್ವಲ್ಪ ಬಸವನಹುಳುವಿನ ಹಾಗೆ ಮೂಡಿತು, ಅಷ್ಟೆ. ಹೀಗೆ ನಮ್ಮ ಇ-ಮೇಲ್ ವಿಳಾಸ ಆಡುಗಳ ಕೊರಳಲ್ಲಿ ಗ್ರೀಸ್ ದಾಟಿತು, ಆಲ್ಪ್ಸ್ ಹತ್ತಿತು. ಚಂದ್ರನ ಮೇಲೂ ಒಂದು ಇದೆ ಎನ್ನುತ್ತಾರೆ.

ಈ ಚಳಿಗಾಲದಲ್ಲಿ ಪೆಟ್ಟಿಗೆಗೆ ನಿಜಕ್ಕೂ ಜ್ವರ ಬಂತು. ಫ್ಯಾನು ಕಿರುಚತೊಡಗಿತು. ಅದಕ್ಕಿಂತ ಕೆಟ್ಟ ಸಂಗತಿ ಬೇರೆ ಇತ್ತು. ನೆಲಮಾಳಿಗೆಯಿಂದ ಬರುವ ಮೇಲ್‌ಗಳನ್ನು ದೊಡ್ಡ ಕಂಪನಿಗಳ ಯಂತ್ರಗಳು ನಂಬುವುದನ್ನೇ ಬಿಟ್ಟವು. ವೆಲಿಚ್ಕೊ ಬರೆದ ಉತ್ತರಗಳೆಲ್ಲ ಅತ್ತ ಕಡೆ ಸ್ಪ್ಯಾಮ್ ಬುಟ್ಟಿಗೆ ಬೀಳುತ್ತಿದ್ದವು. ಅವನ ವರ್ಷದ ಅನ್ನ ಇರುವುದು ಆಸ್ಟ್ರಿಯಾದ ಟಿರೋಲ್‌ನ ಒಂದೇ ಹೈನುಮನೆಯಲ್ಲಿ. ಅಲ್ಲಿನ ವಾಲ್‌ಬುರ್ಗಾ ಎಂಬಾಕೆ, ಹಸುಗಳು ಬೇಸಿಗೆಗೆ ಬೆಟ್ಟ ಹತ್ತುವ ಮೊದಲು, ಪ್ರತಿ ವರ್ಷ ಗಂಟೆ ತರಿಸುತ್ತಾಳೆ. ಈ ಸಲ ಆಕೆ ಕೇಳಿದ್ದಳು, ಇವನು ಉತ್ತರ ಬರೆದಿದ್ದ, ಆಮೇಲೆ ಆಕಡೆಯಿಂದ ಸದ್ದೇ ಇಲ್ಲ.

"ಗಿನ್ಕಕ್ಕಾ, ನನ್ನ ಗಂಟೆ ಮೂಕಾಗಿಹೋಯ್ತಲ್ಲ," ಎಂದು ವೆಲಿಚ್ಕೊ ಈ ಮೆಟ್ಟಿಲ ಮೇಲೆ ಕೂತ. "ಆಯಮ್ಮ ಬೇರೆ ಕಡೆ ತಗೊಂಡ್ರೆ ನಾನು ಕುಲುಮೆ ಆರಿಸಿ ಆಲೂಗಡ್ಡೆ ಮಾರ್ಬೇಕು."

"ಮಾರೋಕೆ ಆಲೂಗಡ್ಡೆನಾದ್ರೂ ಎಲ್ಲಿ ಬೆಳೆದಿದ್ದೀಯ?" ಎಂದರು ಗಿನ್ಕಕ್ಕ. "ಸುಮ್ನಿರು. ನಿನ್ನ ವಿಳಾಸ ಸಾಯೋಕೆ ನಾನು ಬಿಡಲ್ಲ."

ಮೇಲ್ ಇಟ್ಟುಕೊಡುವ ಕಂಪನಿಗಳಲ್ಲಿ ಒಂದನ್ನು ಆರಿಸಬೇಕಿತ್ತು. ನಾನು ಮುಂದೆ ಬಂದು, ದುಡ್ಡಿಲ್ಲದೆ ಸಿಗುವ ಪೆಟ್ಟಿಗೆ ತಗೊಂಡ್ರಾಯ್ತು, ಜಗತ್ತೆಲ್ಲ ಅದನ್ನೇ ಬಳಸುತ್ತೆ ಎಂದು ತಜ್ಞನ ಸಲಹೆ ಕೊಟ್ಟೆ.

"ಪುಕ್ಕಟೆದರಲ್ಲಿ ವಿಳಾಸದ ಬಾಲಕ್ಕೆ ಅವರ ಹೆಸರಿರುತ್ತೆ, ಮೆತೊ, ನಮ್ಮೂರದ್ದಲ್ಲ. ಗಂಟೆ ಮೇಲೆ ಹೊಡೆದಿರೋದನ್ನ ಏನ್ಮಾಡ್ತೀಯ? ಒಂದೊಂದು ಆಡಿನ ಹಿಂದೆ ಓಡಿ ಅಳಿಸ್ಕೊಂಡು ಬರ್ತೀಯಾ?" ಎಂದರು ಗಿನ್ಕಕ್ಕ. "ಮನೆ ಬಾಡಿಗೆದಾದ್ರೂ ಚಿಂತೆಯಿಲ್ಲ, ಬಾಗಿಲ ಮೇಲಿನ ಹೆಸರು ನಮ್ಮದಿರ್ಬೇಕು. ನಾಳೆ ಮನೆ ಬದಲಾಯಿಸಿದ್ರೂ ಹೆಸರಿನ ಹಲಗೆ ಕಿತ್ಕೊಂಡು ಹೋಗ್ಬಹುದು."

ಎರಡನೆಯ ಕಂಪನಿ ಥಳಥಳ ಹೊಳೆಯುತ್ತಿತ್ತು. ನಮ್ಮ ಡೊಮೇನನ್ನು ತರಬಹುದು, ಜಾಗ ಬೇಕಾದಷ್ಟಿದೆ, ಜಾಹೀರಾತಿನಲ್ಲಿ ಎಲ್ಲರೂ ನಗುತ್ತಿದ್ದರು. ಗಿನ್ಕಕ್ಕ ಗಿಣ್ಣಿನವನ ಹೆಸರು ತುಂಬಿದರು, ಆಯಿತು. ಪಾದ್ರಿಯದು ಆಯಿತು. ವೆಲಿಚ್ಕೊನದಕ್ಕೆ ಬಂದಾಗ ಪರದೆ ಕೆಂಪಾಯಿತು. ಹೆಸರು ಅಕ್ಷರದಿಂದಲೇ ಶುರುವಾಗಬೇಕಂತೆ. ಗಿನ್ಕಕ್ಕ ಫೋನ್ ಮಾಡಿದರು. ಎಷ್ಟೋ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಬಂದ.

"ಮೇಡಂ, ನೀವು ಅಂಕಿ ಹಾಕಿದ್ದೀರಿ. ಅಕ್ಷರ ಹಾಕಿ."

"ಅಕ್ಷರಾನೇ ಹಾಕಿದ್ದೀನಿ."

"ನಾಲ್ಕು ಹಾಕಿದ್ದೀರಿ ಮೇಡಂ."

"ನಾಲ್ಕು ಅಕ್ಷರಾನೇ ಕಣಪ್ಪಾ! ನೀನು ಹುಟ್ಟೋಕೆ ಮುಂಚಿಂದ ಅಕ್ಷರ ಅದು!"

ಅವನು ಒಪ್ಪಲಿಲ್ಲ. ಗಿನ್ಕಕ್ಕನ ಕೂಗಿಗೆ ಪಕ್ಕದ ಕಣಿವೆಯಲ್ಲಿ ಹಿಮ ಜಾರಿತು ಎಂದು ನಾನು ಸುದ್ದಿ ಬರೆದಿದ್ದೆ, ಸಂಪಾದಕರು ಹಾಕಲಿಲ್ಲ.

ಮೂರನೆಯದು ಪ್ಲೊವ್ದಿವ್‌ನ ಒಂದು ಸಣ್ಣ ಕಂಪನಿ. ಫೋನ್ ಎತ್ತಿದ್ದು ಒಬ್ಬ ಹೆಂಗಸು, ಸಂಗೀತವಿಲ್ಲ. ಗಿನ್ಕಕ್ಕ ಯಾವತ್ತೂ ಕೇಳುವ ಎರಡು ಪ್ರಶ್ನೆ ಕೇಳಿದರು. ನಾಳೆ ನಿಮ್ಮನ್ನ ಬಿಟ್ಟು ಹೋದ್ರೆ ನನ್ನ ಪತ್ರಗಳನ್ನೆಲ್ಲ ಕಟ್ಕೊಂಡು ಹೋಗೋಕೆ ಬಿಡ್ತೀರಾ? ನಮ್ಮಲ್ಲಿ ಯಾರಾದ್ರೂ ಪೆದ್ದುತನದಿಂದ ಅಳಿಸಿಬಿಟ್ರೆ ವಾಪಸ್ ತಂದ್ಕೊಡ್ತೀರಾ? ಬಿಡ್ತೀವಿ, ತಂದ್ಕೊಡ್ತೀವಿ ಎಂದಳು ಆಕೆ. ಆಮೇಲೆ ಗಿನ್ಕಕ್ಕ ಉಸಿರು ಬಿಗಿಹಿಡಿದು ಮೂರನೆಯದನ್ನು ಕೇಳಿದರು.

"ನಾಲ್ಕರಿಂದ ಶುರುವಾಗೋ ಹೆಸರು ತಗೋತೀರೇನಮ್ಮಾ?"

ಆಕಡೆಯಿಂದ ನಗು. "ಅಕ್ಕಾ, ಶಾಲೆಯಲ್ಲಿದ್ದಾಗ ನನ್ನ ಮೊದಲ ವಿಳಾಸ ಏನಿತ್ತು ಗೊತ್ತಾ? 4ere6ka!"

ಚೆರೆಶ್ಕಾ ಎಂದರೆ ಪುಟ್ಟ ಚೆರ್ರಿ. ನಾಲ್ಕೂ ಇದೆ, ಆರೂ ಇದೆ. ಇಬ್ಬರೂ ಆಮೇಲೆ ಮಾತಾಡಿದ್ದು ಮೇಲ್ ಇಟ್ಟುಕೊಡುವುದರ ಬಗ್ಗೆ ಅಲ್ಲ. ಯಾರು ಯಾರಿಗೆ ಏನೇನು ಬರೆಯುತ್ತಿದ್ದರು, ಮೋಡೆಮ್ ಕೆನೆದಾಗ ಅಮ್ಮಂದಿರು ಹೇಗೆ ಬೈಯುತ್ತಿದ್ದರು ಎಂಬುದರ ಬಗ್ಗೆ. ಹಾಗಂತ ಗಿನ್ಕಕ್ಕ ಚೆರ್ರಿಗೆ ಮರುಳಾಗಿ ಒಪ್ಪಲಿಲ್ಲ. ಪಾದ್ರಿಯ ಒಂದು ಪತ್ರವನ್ನು ಮೊದಲು ಅಲ್ಲಿಟ್ಟು, ಬೇಕೆಂದೇ ಅಳಿಸಿ, ಈಗ ತನ್ನಿ ಎಂದರು. ತಂದರು. ದೊಡ್ಡ ಕಂಪನಿಗಳಲ್ಲಿ ಬೀದಿಯವರಿಗಿದ್ದ ಪುಕ್ಕಟೆ ಪೆಟ್ಟಿಗೆಗಳಿಗೆಲ್ಲ ಹೊಸ ಮನೆಯಿಂದ ಒಂದೊಂದು ಮೇಲ್ ಕಳಿಸಿ, ಸ್ಪ್ಯಾಮ್ ಬುಟ್ಟಿಗೆ ಬಿತ್ತೇ ಎಂದು ಮನೆಮನೆಗೆ ಹೋಗಿ ಇಣುಕಿದರು. ಬಿದ್ದಿರಲಿಲ್ಲ. ಆಮೇಲಷ್ಟೇ ಪತ್ರಗಳ ಗಂಟುಮೂಟೆ ಹೊರಟಿತು.

ವೆಲಿಚ್ಕೊ ಹೊಸ ಮನೆಯಿಂದ ಟಿರೋಲ್‌ಗೆ ಮತ್ತೆ ಬರೆದ. ಉತ್ತರ ಇಲ್ಲ. ಸಂತ ಜಾರ್ಜ್‌ನ ಹಬ್ಬ ಹತ್ತಿರ ಬರುತ್ತಿತ್ತು, ಹಿಂಡುಗಳು ಬೆಟ್ಟ ಹತ್ತುವ ಕಾಲ. ಅವನು ದಿನವೂ ಮೆಟ್ಟಿಲ ಮೇಲೆ ಕೂತು, ಮೇಲ್ ಬಂತಾ ಎಂದು ನೋಡಿ ಎದ್ದು ಹೋಗುವುದು ಶುರುವಾಯಿತು. ಗಿನ್ಕಕ್ಕ ಊಟ ಬಿಟ್ಟರು. "ಹಳೇ ಮನೇಲೇ ಇಟ್ಟಿದ್ರೆ ಚೆನ್ನಾಗಿತ್ತೇನೋ," ಎಂದು ಆ ಪೆಟ್ಟಿಗೆಯ ನೆತ್ತಿ ಸವರುತ್ತಿದ್ದರು.

ಆಗ ಬಂತು ನೋಡಿ ಒಂದು ಪತ್ರ! ನಾನು ಜಗತ್ತಿನ ಪತ್ರಗಳನ್ನೆಲ್ಲ ಓದಿದವನು, ಅಂಥ ಪತ್ರ ಕಂಡಿಲ್ಲ. ಟಿರೋಲ್‌ನ ಶ್ರೀಮಂತ ಗೋಪಾಲಕ ಫಿಶರ್ ಎಂಬವರು ಜರ್ಮನ್‌ನಲ್ಲಿ ಬರೆದಿದ್ದರು. ಕಾಮೆನ್‌ದೊಲ್‌ನ ಗಂಟೆಯ ನಾದ ಕೇಳಿ ತಮ್ಮ ಹಸುಗಳು ಕಣ್ಣೀರಿಟ್ಟವು, ಐನೂರು ಗಂಟೆ ಬೇಕು, ಮುಂದೆ ಐದು ಸಾವಿರ. ವೆಲಿಚ್ಕೊ ಬೀದಿಯಲ್ಲೇ ಕುಣಿದ. ಗಿನ್ಕಕ್ಕ ಮಾತ್ರ ಕನ್ನಡಕ ಏರಿಸಿ ಪರದೆಗೆ ಮೂಗು ತಗುಲಿಸಿದರು.

"ಮೆತೊ, ಇಲ್ಲಿ ಬಾ. ಈ ಯಪ್ಪ ಸಹಿ ಹೇಗೆ ಹಾಕಿದ್ದಾನೆ, ಓದು."

ಓದಿದೆ. Fi6er ಎಂದಿತ್ತು.

"ಟಿರೋಲ್‌ನಲ್ಲಿ ಹುಟ್ಟಿ ಬೆಳೆದೋನು ಶ-ಗೆ ಆರು ಹಾಕ್ತಾನೇನೋ?"

ನನ್ನ ಕಿವಿ ಕೆಂಪಾದವು. ಆ ಪತ್ರವನ್ನು ನಾನೇ ಫೋನಿಗೆ ಹೇಳಿ ಜರ್ಮನ್ ಮಾಡಿಸಿದ್ದೆ. ಸಹಿಯನ್ನು ಮಾತ್ರ ಕೈಯಾರೆ ಒತ್ತಿದ್ದೆ, ಬೆರಳು ತನ್ನ ಹಳೇ ದಾರಿ ಹಿಡಿದಿತ್ತು. "ನೀವು ಊಟ ಮಾಡ್ಲಿ ಅಂತ ಮಾಡ್ದೆ, ಗಿನ್ಕಕ್ಕ," ಎಂದೆ.

ಬಾಗಿಲಲ್ಲಿ ನಿಂತಿದ್ದ ವೆಲಿಚ್ಕೊ ಟೋಪಿ ತೆಗೆದು ನೆಲಕ್ಕೆ ಬಡಿದ. "ಐನೂರಂತೆ! ನಿನ್ನ ಕೊರಳಿಗೇ ಒಂದು ಗಂಟೆ ಕಟ್ತೀನಿ ಮೆತೊ. ನಿನ್ನ ಸುಳ್ಳು ಎಲ್ಲಿ ಮೇಯ್ತಿದೆ ಅಂತ ಊರಿಗೆ ಗೊತ್ತಾಗ್ಲಿ."

ಅವನಿಗೆ ನಾನು ಮಾಡಿದ್ದು ಸಣ್ಣ ನೋವಲ್ಲ. ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ ಅವನ ಪೆಟ್ಟಿಗೆಗೆ ಇನ್ನೊಂದು ಮೇಲ್ ಬಂತು. ಅದು ಪುಟ್ಟದು, ಅದರಲ್ಲಿ ಯಾವ ಹಸುವೂ ಅತ್ತಿರಲಿಲ್ಲ. ಗಿನ್ಕಕ್ಕ ಯಂತ್ರದಿಂದ ಅನುವಾದ ಮಾಡಿಸಿ, ಹಿಂದಿನ ಕಾಲದ ಹಾಗೆ ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಓದಿದರು.

"ಯಜಮಾನರೇ, ನನ್ನ ಕಂಪ್ಯೂಟರ್ ಕೆಟ್ಟು ಹಳೆಯ ಪತ್ರಗಳೂ, ಈಚೆಗೆ ಬಂದು ಇನ್ನೂ ಓದದವೂ ಹೋದವು. ಚಳಿಗಾಲದಲ್ಲಿ ಬರೆದಿದ್ದೆ, ನಿಮ್ಮಿಂದ ಉತ್ತರ ಬರಲಿಲ್ಲ. ತೀರಿಕೊಂಡಿರಿ ಎಂದುಕೊಂಡೆ. ಇವತ್ತು ಕೊಟ್ಟಿಗೆಯಲ್ಲಿ ನಮ್ಮ ಮುದಿ ಹಸುವಿನ ಗಂಟೆ ಮಗುಚಿ ನೋಡಿದಾಗ ವಿಳಾಸ ಕಾಣಿಸಿತು. ಮೊದಲನೆಯದು ಅಂಕಿಯೋ ಅಕ್ಷರವೋ ತಿಳಿಯಲಿಲ್ಲ, ಇದ್ದ ಹಾಗೇ ಒತ್ತಿದ್ದೇನೆ. ಬದುಕಿದ್ದರೆ, ಎಂದಿನಷ್ಟೇ ಗಂಟೆ ಕಳಿಸಿ. ವಾಲ್‌ಬುರ್ಗಾ."

ವೆಲಿಚ್ಕೊ ಈ ಸಲ ಕುಣಿಯಲಿಲ್ಲ. "ಬದುಕಿದ್ದೀನಿ ಅಂತ ಬರಿ ಅಕ್ಕಾ," ಎಂದ. ಉತ್ತರ ಹೋಯಿತು. ಸ್ಪ್ಯಾಮ್ ಬುಟ್ಟಿಗೆ ಬೀಳಲಿಲ್ಲ. ಸಂಜೆಯೊಳಗೆ ಆಕೆಯಿಂದ ಇನ್ನೊಂದು ಸಾಲು ಬಂತು, ಆಮೇಲೆ ಕುಲುಮೆಯಿಂದ ಸುತ್ತಿಗೆಯ ಸದ್ದು.

ಈಗ ಬೆಳಕು ನೆಲಮಾಳಿಗೆಯ ಕಿಂಡಿಗೆ ಬಂದಿದೆ. ಗಿನ್ಕಕ್ಕ ಗಡಿಗೆಗಳನ್ನು ಒಂದೊಂದಾಗಿ ಕೆಳಗಿಳಿಸಿ, ಬೂದು ಪೆಟ್ಟಿಗೆಯ ಗುಂಡಿ ಒತ್ತುತ್ತಾರೆ. ಗುಂಯ್ ಎನ್ನುವುದು ನಿಲ್ಲುತ್ತದೆ. ಎಲೆಕೋಸಿನ ಪೀಪಾಯಿ ಒಳಗೆ ಗುಳುಗುಳು ಎನ್ನುವುದು ಮೊದಲ ಸಲ ನಮಗೆ ಕೇಳಿಸುತ್ತದೆ.

"ಪತ್ರಗಳಿಗೆ ಒಳ್ಳೇ ಮನೆ ಸಿಕ್ತು," ಎನ್ನುತ್ತಾರೆ. "ಮೊಸರಿಗೂ ಒಂದು ಬೆಚ್ಚಗಿನ ಜಾಗ ಸಿಕ್ಕಿಬಿಟ್ರೆ ನನಗೆ ಇನ್ನೇನೂ ಬೇಡ."

ಈ ಲೇಖನವನ್ನು ಕಳಿಸುವ ಮೊದಲು ಓದಿ ತೋರಿಸು ಎಂದು ಪಟ್ಟು ಹಿಡಿದರು. ಮೊದಲ ಪ್ಯಾರಾದಲ್ಲೇ ಕೈ ಎತ್ತಿದರು.

"ಗಂಟೆ ಮೇಲೆ ವಿಳಾಸ ಹೊಡಿ ಅಂತ ವೆಲಿಚ್ಕೊಗೆ ಹೇಳಿದ್ದು ನೀನಾ?"

ಅಲ್ಲ. ಹೇಳಿದ್ದು ಗಿನ್ಕಕ್ಕ. ಈ ಮಂಗನ ಅ ಎಲ್ಲ ನಾಲ್ಕು ದಿನದ ಆಟ, ಸುಮ್ಮನೆ ಕಬ್ಬಿಣ ಹಾಳು ಎಂದು ಪಕ್ಕದಲ್ಲಿ ನಿಂತು ನಕ್ಕವನು ನಾನು. ಆಡುಗಳು ಉತ್ತರ ಬರೆಯುವುದಿಲ್ಲ. ಮಂತ್ರಿ ಇರಲಿಲ್ಲ. ನನ್ನ ಅತಿಥಿಗೃಹಕ್ಕೆ ಇರುವುದು ಎರಡು ಕೋಣೆ, ಒಂದು ಸೋರುತ್ತದೆ. ಆ ಅತಿಥಿಗೃಹಕ್ಕೊಂದು ಸ್ವಂತ ಇ-ಮೇಲ್ ವಿಳಾಸ ಬೇಕೆಂದು ನಿನ್ನೆ ಗಿನ್ಕಕ್ಕನ ಮುಂದೆ ನಿಂತೆ, ಮಾಡಿಕೊಟ್ಟರು. ದಿನಕ್ಕೆ ಸಾವಿರ ಮೇಲ್ ಬರುತ್ತಿವೆ ಎಂದು ಬರೆಯಲು ಕೈ ತುರಿಸುತ್ತಿದೆ. ಬಂದಿರುವುದು ಒಂದೇ. ಅವರದೇ.

"ತಲುಪಿತಾ?" ಎಂದು ಕೇಳಿದ್ದಾರೆ.

ತಲುಪಿತು, ಗಿನ್ಕಕ್ಕ.