ಕರೆಂಟು ಹೋದ ಮೇಲಿನ ಹಾಡು

ಎಂ.ಎಸ್ಸಿ. ಮುಗಿಸಿದ ಹೊಸತರಲ್ಲಿ ಸಿದ್ಧಾರ್ಥನಗರದ ಒಂದು ವ್ಯಾಯಾಮ ತರಗತಿಯಲ್ಲಿ ಗಡಿಯಾರ ಹಿಡಿದು ಓಡಿದವರ ನಾಡಿ ನೋಡುವ ಕೆಲಸ ನನ್ನದು. ಕ್ಯಾಸೆಟ್ಟಿನಲ್ಲಿ ಬಿರುಸಿನ ಹಾಡು, ನಿಧಾನದ ಹಾಡು ಒಂದಾದ ಮೇಲೊಂದು ಬರುತ್ತಿದ್ದವು. ಬಿರುಸಿನದಕ್ಕೆ ನಿಂತಲ್ಲೇ ಓಡಬೇಕು, ನಿಧಾನದ್ದಕ್ಕೆ ನಡೆದು ಸುಧಾರಿಸಿಕೊಳ್ಳಬೇಕು.

ಫಿಲೋಮಿನಾ ಆಂಟಿ ಮೊದಲ ದಿನ ಮೆಟ್ಟಿಲು ಹತ್ತಿ ಬಂದು, ಮಾತಾಡಲಾರದೆ ಕೂತುಬಿಟ್ಟರು. ಉಸಿರು ಸಾಲದೆಂದು ಚರ್ಚಿನ ಗಾಯನ ತಂಡ ಅವರನ್ನು ಕೈಬಿಟ್ಟಿತ್ತು. "ಮತ್ತೆ ಹಾಡೋ ಹಂಗಾದ್ರೆ ಸಾಕು ಕಣಪ್ಪ," ಎಂದರು, ಸುಧಾರಿಸಿಕೊಂಡ ಮೇಲೆ.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಬಿರುಸಿನ ಹಾಡಿನ ನಡುವೆ ಕರೆಂಟು ಹೋಯಿತು. ಎಲ್ಲರೂ ನಿಂತರು. ಆಂಟಿ ನಿಲ್ಲಲಿಲ್ಲ. ಓಡುತ್ತಲೇ ಉಳಿದ ಹಾಡನ್ನು ತಾವೇ ಎತ್ತಿಕೊಂಡರು. ಉಸಿರು ಸಾಲದೆ ಹಾಡಿನ ಸಾಲು ಎಲ್ಲೂ ತುಂಡಾಗಲಿಲ್ಲ.

"ಯಾಕ್ರೀ ನಿಂತ್ಬುಟ್ರಿ? ನಾನು ಹಾಡ್ತಿಲ್ವಾ?" ಎಂದು ಗದರಿದರು. ಉಳಿದವರು ಮತ್ತೆ ಓಡತೊಡಗಿದರು. ನಾನು ಗಡಿಯಾರ ನೋಡುವುದನ್ನೂ ಮರೆತು ಬಾಯಿ ತೆರೆದು ನಿಂತಿದ್ದೆ.

ಮುಂದಿನ ಭಾನುವಾರ ಚರ್ಚಿನ ಗಾಯನ ತಂಡ ಅವರ ಹಾಡು ಕೇಳಿ ಅವರನ್ನು ವಾಪಸು ಸೇರಿಸಿಕೊಂಡಿತು.

ಓಡುವಾಗ ಹಾಡಲು ಸಾಧ್ಯವಾದರೆ ಓಟದ ಬಿರುಸು ಸಾಲದು ಎಂದು ನಾನು ಓದಿದ್ದೆ. ಅದನ್ನು ಆಂಟಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.